ಬಿಡಿಭಾಗ ಸೇರಿಸಿ ಕಟ್ಟಿದ ಆಟೋಕಾಕರ್ ಪೇಂಟ್‌ಬಾಲ್ ಮಾರ್ಕರ್: ಮೊದಲ ಶಾಟ್ ವೇಗ ಜಾಸ್ತಿ, ಬೇಗ ಹೊಡೆದರೆ ಬಾಲ್ ಒಡೆಯುತ್ತದೆ. ಏನಿರಬಹುದು?

ಎಡಿಸನ್_ಹೈದ

ನಮಸ್ಕಾರ ಎಲ್ಲರಿಗೂ. ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಪೇಂಟ್‌ಬಾಲ್ ಆಡುವ ಕನ್ನಡದವರದ್ದೇ ಒಂದು ಗುಂಪಿದೆ. ಉಳಿದವರೆಲ್ಲ ಎಲೆಕ್ಟ್ರಾನಿಕ್ ಮಾರ್ಕರ್ (ಬಣ್ಣದ ಬಾಲ್ ಹೊಡೆಯುವ ಗನ್) ಹಿಡಿದು ಬರುತ್ತಾರೆ. ನನಗೆ ಮಾತ್ರ ಗಾಳಿಯ ಬಲದಿಂದ ತಾನೇ ಕಾಕ್ ಆಗುವ ಹಳೇ ಮೆಕ್ಯಾನಿಕಲ್ ಆಟೋಕಾಕರ್ ಹುಚ್ಚು ಬಿಟ್ಟಿಲ್ಲ. ಪೂರ್ತಿ ಮಾರ್ಕರ್ ಕೊಳ್ಳುವ ಬದಲು ಈ ಸಲ ಬಿಡಿಭಾಗ ಹುಡುಕಿ ಹುಡುಕಿ ನಾನೇ ಒಂದನ್ನು ಕಟ್ಟಿದೆ.

ಬಾಡಿ ಸೆಕೆಂಡ್ ಹ್ಯಾಂಡ್, ಹಾಫ್ ಬ್ಲಾಕ್. ಸ್ಲೈಡ್ ಟ್ರಿಗರ್ ಫ್ರೇಮ್. ರ‍್ಯಾಮ್ (ಹಿಂದಿನ ಬ್ಲಾಕನ್ನು ಆಡಿಸುವ ಸಿಲಿಂಡರ್), ತ್ರೀ-ವೇ (ಗಾಳಿಯ ದಿಕ್ಕು ಬದಲಿಸುವ ವಾಲ್ವ್), ಎಲ್‌ಪಿಆರ್ (ಇವಕ್ಕೆ ಕಮ್ಮಿ ಒತ್ತಡದ ಗಾಳಿ ಕೊಡುವ ರೆಗ್ಯುಲೇಟರ್) ಮೂರೂ ಮೂರು ಕಡೆಯಿಂದ ಬಂದವು. ಇನ್‌ಲೈನ್ ರೆಗ್ಯುಲೇಟರ್ (ಬಾಟಲಿಯ ಗಾಳಿಯ ಒತ್ತಡ ಇಳಿಸಿ ಒಂದೇ ಮಟ್ಟದಲ್ಲಿ ಇಡುವುದು) ಕೂಡ ಹಳೆಯದೇ, ಮಾರಿದವರು ಸರ್ವಿಸ್ ಆಗಿದೆ ಅಂದಿದ್ದರು. ಗಾಳಿಗೆ 68/4500 (68 ಘನ ಇಂಚು, 4500 ಪಿಎಸ್‌ಐ ಒತ್ತಡ) ಕಾರ್ಬನ್ ಫೈಬರ್ ಬಾಟಲಿ, ಔಟ್‌ಪುಟ್ 800 ಪಿಎಸ್‌ಐ ಆಸುಪಾಸು. ಬ್ಯಾರೆಲ್‌ಗೆ 0.687 ಇಂಚಿನ ಇನ್ಸರ್ಟ್ (ಒಳಗಿನ ಕೊಳವೆ) ಹಾಕಿದ್ದೇನೆ.

ಈಗ ತೊಂದರೆ. ಸಮಾಧಾನವಾಗಿ ಒಂದೊಂದೇ ಹೊಡೆದರೆ ಕ್ರೋನೋದಲ್ಲಿ (ಬಾಲ್ ವೇಗ ಅಳೆಯುವ ಸಾಧನ) 278, 281, 280 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಅಡಿ) ಹೀಗೆ ಚೆನ್ನಾಗಿಯೇ ಬರುತ್ತದೆ. ಆದರೆ ಒಂದು ನಿಮಿಷ ಸುಮ್ನೆ ಬಿಟ್ಟು ಹೊಡೆದರೆ ಮೊದಲ ಬಾಲ್ 305 ತೋರಿಸುತ್ತದೆ, ಆಮೇಲೆ ಮತ್ತೆ 280ಕ್ಕೆ ಇಳಿಯುತ್ತದೆ. ಬೇಗ ಬೇಗ ಟ್ರಿಗರ್ ಎಳೆದರೆ ಬಾಲ್ ಒಳಗೇ ಕತ್ತರಿಸಿ ಚೇಂಬರ್ ಎಲ್ಲಾ ಚಿತ್ರಾನ್ನ. ಇದರ ಜೊತೆಗೆ ಮುಂದಿನ ಕಡೆಯಿಂದ ಆಗಾಗ ಸಣ್ಣಗೆ ಬುಸ್ ಅಂತ ಗಾಳಿ ಸೋರುವ ಸದ್ದು. ಮೂರೂ ಒಂದೇ ಕಾರಣದಿಂದಲಾ, ಬೇರೆ ಬೇರೆಯಾ? ಎಲ್ಲಿಂದ ಶುರು ಮಾಡಲಿ?

ಪಂಪ್‌ಪ್ರಿಯ

ಮುಂದಿರುವ ನ್ಯೂಮ್ಯಾಟಿಕ್ಸ್ (ಗಾಳಿಯಿಂದ ನಡೆಯುವ ಭಾಗಗಳು) ಎಲ್ಲಾ ಕಿತ್ತು, ಪ್ರತಿ ಶಾಟ್‌ಗೂ ಕೈಯಲ್ಲೇ ಕಾಕ್ ಮಾಡುವ ಪಂಪ್ ಕಿಟ್ ಹಾಕಿ. ಮೂರೂ ಸಮಸ್ಯೆ ಮುಗೀತು.

ಡಲ್ಲಾಸ್_ಬೆಣ್ಣೆದೋಸೆ

ಗುರು, ಈ ಬಿಡಿಭಾಗಕ್ಕೆ ಹಾಕಿದ ದುಡ್ಡಲ್ಲಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಾನಿಕ್ ಸ್ಪೂಲ್ ವಾಲ್ವ್ ಮಾರ್ಕರ್ ಬರುತ್ತಿತ್ತು. ಕಣ್ಣು (ಬಾಲ್ ಬಂದು ಕೂತಿದೆಯಾ ಅಂತ ನೋಡುವ ಸೆನ್ಸರ್) ಇರುತ್ತದೆ ಅದಕ್ಕೆ. ಬಾಲ್ ಪೂರ್ತಿ ಕೂರುವವರೆಗೂ ಬೋಲ್ಟ್ (ಬಾಲನ್ನು ಬ್ಯಾರೆಲ್‌ಗೆ ತಳ್ಳುವ ಭಾಗ) ಮುಂದೆ ಹೋಗುವುದಿಲ್ಲ. ಕತ್ತರಿಸುವ ಮಾತೇ ಇಲ್ಲ.

ಪೀಣ್ಯ_ಲೇತ್

ಮೇಲಿನ ಇಬ್ಬರೂ ಕೇಳಿದ್ದಕ್ಕೆ ಬಿಟ್ಟು ಬೇರೆಲ್ಲದಕ್ಕೂ ಉತ್ತರ ಕೊಟ್ಟಿದ್ದಾರೆ.

ಎಡಿಸನ್ ಅವರೇ, ಮೊದಲು ಸದ್ದು ಎಲ್ಲಿಂದ ಅಂತ ಹೇಳಿ. ‘ಮುಂದಿನ ಕಡೆ’ ಅಂದರೆ ಬ್ಯಾರೆಲ್ ಒಳಗಿಂದಲಾ, ತ್ರೀ-ವೇ ತುದಿಯಿಂದಲಾ, ರ‍್ಯಾಮ್ ಶಾಫ್ಟ್ ಹತ್ತಿರವಾ, ರೆಗ್ಯುಲೇಟರ್ ಪಕ್ಕದ ಸಣ್ಣ ತೂತಿನಿಂದಲಾ? ಒಂದೊಂದಕ್ಕೂ ಒಂದೊಂದು ಅರ್ಥ ಇದೆ. ಬ್ಯಾರೆಲ್‌ನಿಂದ ಬಂದರೆ ವಾಲ್ವ್ ಕಪ್ ಸೀಲ್. ರೆಗ್ಯುಲೇಟರ್ ತೂತಿನಿಂದ ಬಂದರೆ ಒಳಗಿನ ಪಿಸ್ಟನ್ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ಉಂಗುರ). ಸೋಪಿನ ನೀರು ಬ್ರಷ್‌ನಲ್ಲಿ ಹಚ್ಚಿದರೆ ಗುಳ್ಳೆ ಬರುತ್ತದೆ, ಕಿವಿಯನ್ನು ನಂಬಬೇಡಿ.

ಎರಡನೆಯದು, ಇನ್‌ಲೈನ್ ರೆಗ್ಯುಲೇಟರ್‌ಗೆ ಗೇಜ್ ಇದೆಯಾ? ಮೂರನೆಯದು, ಸದ್ದು ಯಾವಾಗಲೂ ಇರುತ್ತದಾ, ಟ್ರಿಗರ್ ಎಳೆದಾಗ ಮಾತ್ರವಾ?

ಎಡಿಸನ್_ಹೈದ

ಗೇಜ್ ಇಲ್ಲ, ಆ ಜಾಗಕ್ಕೆ ಪ್ಲಗ್ ಹಾಕಿದ್ದಾರೆ. ಒಂದು ಗೇಜ್ ತರಿಸುತ್ತೇನೆ. ಸದ್ದು ತ್ರೀ-ವೇ ಕಡೆಯಿಂದಲೇ ಅನ್ನಿಸುತ್ತದೆ. ಯಾವಾಗ ಬರುತ್ತದೆ ಅಂತ ಸರಿಯಾಗಿ ನೋಡಿ ಹೇಳುತ್ತೇನೆ.

ಕರಾವಳಿ_ಕಿರಣ

ಎಲ್ಲರೂ ಮಾರ್ಕರ್ ಹಿಂದೆ ಬಿದ್ದಿದ್ದೀರಿ. ಪೇಂಟ್ ಯಾವುದು ಅಂತ ಯಾರೂ ಕೇಳಲಿಲ್ಲ!

ಈ ಬಾಲ್‌ಗಳ ಹೊರಗಿನ ಪದರ ಜೆಲಟಿನ್. ಔಷಧಿ ಕ್ಯಾಪ್ಸೂಲ್ ಮಾಡುವ ವಸ್ತುವೇ. ಒಳಗಿರುವುದು ಪಾಲಿಎಥಿಲೀನ್ ಗ್ಲೈಕಾಲ್, ಬಣ್ಣ ಇತ್ಯಾದಿ. ಜೆಲಟಿನ್‌ಗೆ ತೇವ ಆಗುವುದಿಲ್ಲ, ಚಳಿಯೂ ಆಗುವುದಿಲ್ಲ. ತೇವ ತಾಗಿದರೆ ಊದುತ್ತದೆ, ಮೆತ್ತಗಾಗುತ್ತದೆ, ಅಂಟಿಕೊಳ್ಳುತ್ತದೆ. ಚಳಿಗೆ ಪೆಡಸಾಗಿ ಬಡಿದ ಕೂಡಲೇ ಒಡೆಯುತ್ತದೆ. ನಿಮ್ಮ ಕಡೆ ಈಗ ಚಳಿ ಶುರುವಾಗಿದೆ ಅಲ್ವಾ? ಕಾರಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಬಿಟ್ಟ ಪೇಂಟ್ ಆದರೆ ಯಾವ ಮಾರ್ಕರ್‌ನಲ್ಲೂ ಒಡೆಯುತ್ತದೆ.

ಇನ್ನೊಂದು, ಹೆಸರಿಗೆ 0.68 ಇಂಚು, ಸುಮಾರು 17.3 ಮಿ.ಮೀ. ಅಷ್ಟೇ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸೈಜ್ ಬದಲಾಗುತ್ತದೆ. ಇನ್ಸರ್ಟ್ 0.687 ಅಂತ ಹಾಕಿ ಮರೆತರೆ ಆಗಲ್ಲ. ಬ್ಯಾರೆಲ್ ಬಿಚ್ಚಿ ಕೈಯಲ್ಲಿ ಹಿಡಿದು ಬಾಲ್ ಹಾಕಿ. ತಾನೇ ಉರುಳಿ ಹೋದರೆ ಸಡಿಲ. ಬಾಯಲ್ಲಿ ಜೋರಾಗಿ ಊದಿದರೂ ಅಲ್ಲಾಡದಿದ್ದರೆ ಬಿಗಿ. ನಿಂತಿರಬೇಕು, ಮೆಲ್ಲಗೆ ಊದಿದರೆ ಹೊರಗೆ ಬರಬೇಕು.

ರೆಫರಿ_ಅಕ್ಕ

ನಾನು ಪೆನ್ಸಿಲ್ವೇನಿಯಾದ ಒಂದು ಫೀಲ್ಡ್‌ನಲ್ಲಿ ಶನಿವಾರ ಭಾನುವಾರ ರೆಫರಿ. ರಿಪೇರಿ ವಿಷಯ ನೀವು ಮಾತಾಡಿಕೊಳ್ಳಿ, ಆ 305 ಮಾತ್ರ ನನ್ನ ತಲೆ ತಿನ್ನುತ್ತಿದೆ.

ಬಹಳಷ್ಟು ಕಡೆ ಮಿತಿ 280 ಎಫ್‌ಪಿಎಸ್, ಎಲ್ಲಿ ಹೋದರೂ 300 ದಾಟುವ ಹಾಗಿಲ್ಲ. ಮೂರು ಗ್ರಾಂ ಬಾಲ್ 280ಕ್ಕೆ ಹೋದರೆ ಸುಮಾರು 11 ಜೂಲ್. 305ಕ್ಕೆ ಹೋದರೆ 13. ಹತ್ತಿರದಿಂದ ಕುತ್ತಿಗೆಗೆ ಬಿದ್ದವರನ್ನು ಕೇಳಿ ನೋಡಿ ಆ ವ್ಯತ್ಯಾಸ ಏನು ಅಂತ. ಮೊದಲ ಶಾಟ್ ಮಾತ್ರ ಜಾಸ್ತಿ ಇರುವ ಮಾರ್ಕರ್ ಇನ್ನೂ ಮೋಸ. ಯಾಕೆಂದರೆ ಕ್ರೋನೋ ಮುಂದೆ ನಾಲ್ಕೈದು ಸಲ ಹೊಡೆದು ತೋರಿಸುತ್ತಾರೆ, ಪಾಸ್ ಆಗುತ್ತದೆ. ಮೈದಾನದಲ್ಲಿ ಬಂಕರ್ ಹಿಂದೆ ಕಾದು ಕೂತು ಹೊಡೆಯುವುದು ಆ ಮೊದಲ ಶಾಟನ್ನೇ. ಇದು ಸರಿಯಾಗುವವರೆಗೆ ಯಾರ ಮೇಲೂ ಹೊಡೆಯಬೇಡಿ.

ಮನೆಯಲ್ಲಿ ಟೆಸ್ಟ್ ಮಾಡುವಾಗಲೂ ಮಾಸ್ಕ್ ಇರಲಿ, ಬ್ಯಾರೆಲ್ ಸಾಕ್ (ಮೂತಿಗೆ ಹಾಕುವ ಬಟ್ಟೆಯ ಚೀಲ) ಇರಲಿ. ಏನಾದರೂ ಬಿಚ್ಚುವ ಮೊದಲು ಬಾಟಲಿ ತೆಗೆದು ಉಳಿದ ಗಾಳಿ ಹೊಡೆದು ಖಾಲಿ ಮಾಡಿ. ಮುಖ್ಯವಾದ ಮಾತು: ಬಾಟಲಿ ತಿರುಗಿಸಿ ತೆಗೆಯುವಾಗ ಬಾಟಲಿಯ ತಲೆಯ ವಾಲ್ವ್ ಜೊತೆಗೇ ಬಿಚ್ಚಿಕೊಳ್ಳುತ್ತಿದೆಯಾ ಅಂತ ಕಣ್ಣಿಟ್ಟು ನೋಡಿ. ಹಾಗೆ ವಾಲ್ವ್ ಬಿಚ್ಚಿಕೊಂಡು ಬಾಟಲಿ ಹಾರಿ ಅಮೆರಿಕದಲ್ಲಿ ಜನ ಸತ್ತಿದ್ದಾರೆ. ವಾಲ್ವ್ ಮೇಲೆ, ಬಾಟಲಿ ಮೇಲೆ ಸೇರಿಸಿ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಎರಡು ಕಡೆ ಬೇರೆಯಾದರೆ ಕೈ ತೆಗೆಯಿರಿ.

ಡಲ್ಲಾಸ್_ಬೆಣ್ಣೆದೋಸೆ

ನೇಲ್ ಪಾಲಿಶ್ ಐಡಿಯಾ ಸೂಪರ್. ಹೆಂಡತಿಯ ಹತ್ತಿರ ಕೇಳುವ ಧೈರ್ಯ ಯಾರಿಗಿದೆ?

ರೆಫರಿ_ಅಕ್ಕ

ಅಂಗಡಿಯಲ್ಲಿ ಒಂದು ಡಾಲರ್‌ಗೆ ಸಿಗುತ್ತದೆ. ನೀವೇ ಹೋಗಿ ತಗೊಳ್ಳಿ.

ಪೀಣ್ಯ_ಲೇತ್

ಗೇಜ್ ಬರುವಷ್ಟರಲ್ಲಿ ನನಗೆ ಅನ್ನಿಸಿದ್ದನ್ನು ಬರೆಯುತ್ತೇನೆ. ಉದ್ದ ಆಗುತ್ತದೆ. ನಾನು ಕ್ಯಾಲಿಫೋರ್ನಿಯಾದಲ್ಲಿ ಇದ್ದಾಗ ಇವನ್ನು ಕಟ್ಟಿ ಬಿಚ್ಚಿಯೇ ವಾರಾಂತ್ಯ ಕಳೆದಿದ್ದೇನೆ. ಈಗ ಪೀಣ್ಯದಲ್ಲಿ ಲೇತ್ ಮುಂದೆ ನಿಂತಿದ್ದೇನೆ.

ಆಟೋಕಾಕರ್‌ನಲ್ಲಿ ಒಂದು ಟ್ರಿಗರ್ ಎಳೆತಕ್ಕೆ ಎರಡು ಕೆಲಸ. ಎಳೆತದ ಮೊದಲ ಭಾಗದಲ್ಲಿ ಸಿಯರ್ (ಹ್ಯಾಮರನ್ನು ಹಿಡಿದಿಡುವ ಕೊಕ್ಕೆ) ಹ್ಯಾಮರನ್ನು ಬಿಡುತ್ತದೆ. ಹ್ಯಾಮರ್ ಮುಂದೆ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಗಾಳಿ ಬೋಲ್ಟ್ ಮೂಲಕ ಬಾಲ್ ಹಿಂದೆ ಹೋಗುತ್ತದೆ. ಇನ್ನೂ ಎಳೆದರೆ ತ್ರೀ-ವೇ ದಿಕ್ಕು ಬದಲಿಸುತ್ತದೆ. ಗಾಳಿ ರ‍್ಯಾಮ್‌ನ ಇನ್ನೊಂದು ಬದಿಗೆ ಹೋಗಿ ಬ್ಯಾಕ್ ಬ್ಲಾಕ್ (ಬೋಲ್ಟ್ ಜೋಡಿಸಿರುವ ಹಿಂಭಾಗದ ತುಂಡು) ಹಿಂದೆ ಬರುತ್ತದೆ. ಬೋಲ್ಟ್ ಅದರ ಜೊತೆ ಬರುತ್ತದೆ, ಹ್ಯಾಮರ್ ಮತ್ತೆ ಸಿಯರ್‌ಗೆ ಸಿಕ್ಕಿಕೊಳ್ಳುತ್ತದೆ, ಬಾಲ್ ಕೆಳಗೆ ಬೀಳುತ್ತದೆ. ಟ್ರಿಗರ್ ಬಿಟ್ಟಾಗ ಬ್ಲಾಕ್ ಮುಂದೆ ಹೋಗುತ್ತದೆ. ಅಂದರೆ ಟ್ರಿಗರ್ ಪೂರ್ತಿ ಎಳೆಯದೆ ಅರ್ಧಕ್ಕೇ ಬಿಟ್ಟರೆ ಬಾಗಿಲು ಅರ್ಧ ತೆರೆದು ಮುಚ್ಚಿದಂತೆ. ಬಾಲ್ ಅರ್ಧ ಒಳಗೆ, ಅರ್ಧ ಹೊರಗೆ ಇರುವಾಗ ಬೋಲ್ಟ್ ಬಂದು ಕತ್ತರಿಸುತ್ತದೆ. ಎಲೆಕ್ಟ್ರಾನಿಕ್ ಮಾರ್ಕರ್ ಆಡಿ ಅಭ್ಯಾಸ ಆದವರ ಬೆರಳು ಇಲ್ಲಿ ಇದನ್ನೇ ಮಾಡುತ್ತದೆ.

ಆದರೆ ಬೆರಳಿನ ಮೇಲೆ ತಪ್ಪು ಹಾಕುವ ಮೊದಲು ಟೈಮಿಂಗ್ ನೋಡಿ. ಲೋಡರ್ (ಮೇಲಿನ ಬಾಲ್ ಡಬ್ಬಿ) ತೆಗೆದು, ಬಾಲ್ ಇಲ್ಲದೆ, ಗಾಳಿ ಹಾಕಿ, ಟ್ರಿಗರನ್ನು ಆದಷ್ಟು ನಿಧಾನವಾಗಿ ಎಳೆಯಿರಿ. ಮೊದಲು ಹ್ಯಾಮರ್ ಬೀಳಬೇಕು, ಸ್ವಲ್ಪ ಅಂತರ ಬಿಟ್ಟು ಬ್ಲಾಕ್ ಹಿಂದೆ ಬರಬೇಕು. ಎರಡೂ ಒಟ್ಟಿಗೇ ಆದರೆ, ಅಥವಾ ಬ್ಲಾಕ್ ಮೊದಲೇ ಅಲ್ಲಾಡಿದರೆ, ಗಾಳಿ ಬ್ಯಾರೆಲ್ ಬಿಟ್ಟು ಫೀಡ್ ನೆಕ್ (ಬಾಲ್ ಇಳಿಯುವ ಕೊಳವೆ) ಕಡೆಗೆ ಮೇಲೆ ನುಗ್ಗುತ್ತದೆ. ಮೇಲೆ ಕಾಯುತ್ತಿರುವ ಬಾಲ್ ಹಾರುತ್ತದೆ, ಸಮಯಕ್ಕೆ ಕೆಳಗೆ ಬರುವುದಿಲ್ಲ. ಆಗಲೂ ಕತ್ತರಿಸುತ್ತದೆ.

ಇನ್ನು 305. ಅದು ಟೈಮಿಂಗ್ ಅಲ್ಲ. ಅದು ರೆಗ್ಯುಲೇಟರ್ ಕ್ರೀಪ್ ಅನ್ನುವುದು ನನ್ನ ಊಹೆ. ರೆಗ್ಯುಲೇಟರ್ ಒಳಗಿನ ಸೀಟ್ (ಗಾಳಿಯ ದಾರಿ ಮುಚ್ಚುವ ಬಿಲ್ಲೆ) ಪೂರ್ತಿ ಮುಚ್ಚದಿದ್ದರೆ ಬಾಟಲಿಯ 800 ಪಿಎಸ್‌ಐ ಕಡೆಯಿಂದ ಗಾಳಿ ಮೆಲ್ಲಗೆ ಒಳಗೆ ಸೇರುತ್ತಲೇ ಇರುತ್ತದೆ. ಬೇಗ ಹೊಡೆಯುವಾಗ ಅದು ಸೇರಲು ಸಮಯವೇ ಸಿಗುವುದಿಲ್ಲ, ಹಾಗಾಗಿ 280. ಸುಮ್ನೆ ಬಿಟ್ಟರೆ ಸೇರಿ ಸೇರಿ ಮೊದಲ ಶಾಟ್ ಜೋರು.

ಹುಬ್ಬಳ್ಳಿ_ಹವಾ

ಇಷ್ಟೆಲ್ಲಾ ಯಾಕ್ರೀ. ಗಾಳಿ ಬದಲು ಸಿಒ2 ಹಾಕಿ ನೋಡಿ. ನಾವು ಹಾಗೇ ಆಡುತ್ತಿದ್ದೆವು, ಏನೂ ಆಗುತ್ತಿರಲಿಲ್ಲ.

ಪೀಣ್ಯ_ಲೇತ್

ಹುಬ್ಬಳ್ಳಿ ಸರ್, ಕ್ರೀಪ್ ಇದೆ ಅನ್ನುವ ರೆಗ್ಯುಲೇಟರ್‌ಗೆ ಸಿಒ2 ಹಾಕಿದರೆ ಕಷ್ಟ ಹೆಚ್ಚಾಗುತ್ತದೆಯೇ ಹೊರತು ಕಮ್ಮಿ ಆಗಲ್ಲ. 21 ಡಿಗ್ರಿಯಲ್ಲಿ ಸಿಒ2 ಬಾಟಲಿಯ ಪ್ರೆಷರ್ 850 ಪಿಎಸ್‌ಐ ಹತ್ತಿರ. ಬಿಸಿಲಲ್ಲಿಟ್ಟು 31 ಡಿಗ್ರಿ ಮುಟ್ಟಿದರೆ 1000 ದಾಟುತ್ತದೆ. ಚಳಿಯಲ್ಲಿ ಇಳಿಯುತ್ತದೆ. ಬೇಗ ಹೊಡೆದರೆ ಬಾಟಲಿಯೇ ತಣ್ಣಗಾಗಿ ಇನ್ನೂ ಇಳಿಯುತ್ತದೆ. ಬಾಟಲಿ ಓರೆಯಾದರೆ ದ್ರವವೇ ಒಳಗೆ ಬರುತ್ತದೆ. ಕಾಕರ್‌ನ ಮುಂದಿನ ಸಣ್ಣ ಓ-ರಿಂಗ್‌ಗಳಿಗೆ ಅದು ಬೇಕಾಗಿಲ್ಲ. ಸಿಒ2 ಕೆಲವು ಓ-ರಿಂಗ್ ಒಳಗೆ ಹೀರಿಕೊಂಡು ಅವು ಊದಿಕೊಳ್ಳುವುದೂ ಇದೆ.

ಹುಬ್ಬಳ್ಳಿ_ಹವಾ

ನಮ್ಮದು ಬಾಡಿಗೆಯ ಟಿಪ್‌ಮನ್ 98 ಮಾರ್ಕರ್ ಸರ್. ಕೆಸರಲ್ಲಿ ಬಿದ್ದರೂ ಎದ್ದು ಹೊಡೆಯುತ್ತಿತ್ತು. ಇಂಥ ನಾಜೂಕಿನ ಸಾಮಾನು ನಮಗೆ ಸರಿಹೋಗಲ್ಲ.

ರೆಫರಿ_ಅಕ್ಕ

ದಯವಿಟ್ಟು ಯಾರೂ ಆ ಕಾರ್ಬನ್ ಫೈಬರ್ ಬಾಟಲಿಗೆ ಸಿಒ2 ತುಂಬಿಸುವ ಸಾಹಸ ಮಾಡಬೇಡಿ. ಅದು ಗಾಳಿಯ ಬಾಟಲಿ. ಗಾಳಿಗೆ ಗಾಳಿ ಬಾಟಲಿ, ಸಿಒ2ಗೆ ಸಿಒ2 ಬಾಟಲಿ. ಹೈಡ್ರೋ ಟೆಸ್ಟ್ (ನೀರಿನ ಒತ್ತಡದಲ್ಲಿ ಬಾಟಲಿಯ ಪರೀಕ್ಷೆ) ದಿನಾಂಕವೂ ನೋಡಿಕೊಳ್ಳಿ. ಐದು ವರ್ಷ ದಾಟಿದ್ದರೆ ಇಲ್ಲಿನ ಫೀಲ್ಡ್‌ನಲ್ಲಿ ಗಾಳಿ ತುಂಬಿಕೊಡುವುದಿಲ್ಲ.

ಕರಾವಳಿ_ಕಿರಣ

ಓ-ರಿಂಗ್ ಮಾತು ಬಂತಲ್ಲ, ಎಣ್ಣೆ ವಿಷಯವೂ ಹೇಳಿಬಿಡುತ್ತೇನೆ. ನನ್ನ ಗೆಳೆಯನೊಬ್ಬ ಮಾರ್ಕರ್‌ಗೆ ತೆಂಗಿನೆಣ್ಣೆ ಬಿಡುತ್ತಿದ್ದ. ‘ಹೊಲಿಗೆ ಮಿಷನ್‌ಗೂ ಇದೇ, ತಲೆಗೂ ಇದೇ’ ಅನ್ನುತ್ತಿದ್ದ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಸಿಒ2 ಮಾರ್ಕರ್ ಹೊಡೆಯುತ್ತಾ ಹೊಡೆಯುತ್ತಾ ತಣ್ಣಗಾಗುತ್ತದೆ. ಆಟದ ಮಧ್ಯೆ ಬೋಲ್ಟ್ ನಿಂತುಹೋಯಿತು. ಬಿಚ್ಚಿದರೆ ಒಳಗೆ ಬೆಳ್ಳಗೆ ಹೆಪ್ಪುಗಟ್ಟಿದ ಎಣ್ಣೆ. ಪರಿಮಳ ಮಾತ್ರ ಚೆನ್ನಾಗಿತ್ತು.

ಡಲ್ಲಾಸ್_ಬೆಣ್ಣೆದೋಸೆ

😂😂 ನನ್ನ ಸ್ಪೂಲ್ ವಾಲ್ವ್‌ಗೆ ಡೌ 33 ಗ್ರೀಸ್ ಒಂದೇ. ಡಬ್ಲ್ಯುಡಿ-40 ಕೂಡ ಹೊಡೆಯಬೇಡಿ ಯಾರೂ. ಇರುವ ಗ್ರೀಸನ್ನೂ ತೊಳೆದು ಹಾಕುತ್ತದೆ.

ಮಡಿಕೇರಿ_ಮಂಜು

ನಮ್ಮ ಕಡೆ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ. ಮರದ ತುದಿಗೆ ಕಟ್ಟಿದ ಕಾಯಿಗೆ ಹೊಡೆಯುವ ಅಜ್ಜಂದಿರ ಮುಂದೆ ನಿಮ್ಮ 280 ಎಫ್‌ಪಿಎಸ್ ಕಥೆ ಹೇಳಿದರೆ ನಗುತ್ತಾರೆ. ಕತಾರ್‌ನಲ್ಲಿ ಕೂತು ಸುಮ್ನೆ ಓದುತ್ತಾ ಇದ್ದೆ, ಒಂದು ಮಾತು ಹಾಕಿದೆ ಅಷ್ಟೇ.

ಎಡಿಸನ್_ಹೈದ

ನಮ್ಮ ಗುಂಪಿನಲ್ಲಿ ಆಯುಧ ಪೂಜೆಗೆ ಎಲ್ಲಾ ಮಾರ್ಕರ್ ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತಾರೆ. ಒಬ್ಬರ ಟ್ರಿಗರ್ ಫ್ರೇಮ್ ಒಳಗೆ ಅಕ್ಷತೆಯ ಅಕ್ಕಿಕಾಳು ಸೇರಿ ಸಿಯರ್ ಅಲ್ಲಾಡಲಿಲ್ಲ. ಅಂದಿನಿಂದ ಬಾಟಲಿಗೆ ಮಾತ್ರ ಕುಂಕುಮ.

ಪಂಪ್‌ಪ್ರಿಯ

ನಗುತ್ತೀರಿ, ಆದರೆ ಈ ಆಟ ಹುಟ್ಟಿದ್ದೇ ಪಂಪ್‌ಗಿಂತ ಸರಳವಾದ ಸಾಮಾನಿನಲ್ಲಿ. 1981ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್‌ನಲ್ಲಿ 12 ಜನ ಕಾಡಿಗೆ ಇಳಿದು ಆಡಿದರು. ಕೈಯಲ್ಲಿದ್ದದ್ದು ನೆಲ್‌ಸ್ಪಾಟ್ 007, ಮರಗಳಿಗೆ, ದನಗಳಿಗೆ ಗುರುತು ಹಾಕುವ ಪಿಸ್ತೂಲು. ಒಂದೊಂದು ಶಾಟ್‌ಗೂ ಕೈಯಲ್ಲೇ ಬೋಲ್ಟ್ ಎಳೆಯಬೇಕು. ಗೆದ್ದವನು ಒಂದೂ ಗುಂಡು ಹಾರಿಸದೆ ಬಾವುಟ ಎಲ್ಲ ಎತ್ತಿಕೊಂಡು ಬಂದ. ನಿಮ್ಮ ಕಣ್ಣು, ಸೊಲೆನಾಯ್ಡ್, ಸೆಕೆಂಡಿಗೆ ಹತ್ತು ಬಾಲ್ ಎಲ್ಲಾ ಆಮೇಲಿನ ದುಂದು.

ಆಟೋಕಾಕರ್ ಕೂಡ ಮೂಲದಲ್ಲಿ ಪಂಪೇ. ಬಡ್ ಓರ್ ಅವರ ಸ್ನೈಪರ್ ಪಂಪ್‌ಗೆ ಮುಂದೆ ನ್ಯೂಮ್ಯಾಟಿಕ್ಸ್ ಸೇರಿಸಿದ್ದರಿಂದ ಅದು ‘ತಾನೇ ಕಾಕ್ ಆಗುವ’ ಮಾರ್ಕರ್ ಆಯಿತು. ಕಿತ್ತರೆ ತವರಿಗೆ ಮರಳುತ್ತದೆ ಅಷ್ಟೇ.

ಡಲ್ಲಾಸ್_ಬೆಣ್ಣೆದೋಸೆ

ಪಂಪ್ ಅಣ್ಣ, ಪಂಪ್ ಮಾಡಿದರೂ ಇನ್‌ಲೈನ್ ರೆಗ್ಯುಲೇಟರ್ ಅದೇ ಅಲ್ವಾ? 305 ಎಲ್ಲಿ ಹೋಗುತ್ತದೆ? ಪಂಪ್‌ನಲ್ಲಿ ಎರಡು ಶಾಟ್ ಮಧ್ಯೆ ಸಮಯ ಜಾಸ್ತಿ. ಕ್ರೀಪ್ ಇದ್ದರೆ ಪ್ರತಿ ಶಾಟೂ ಮೊದಲ ಶಾಟ್ ಆಗುತ್ತದೆ.

ಪೀಣ್ಯ_ಲೇತ್

ಡಲ್ಲಾಸ್ ಹೇಳಿದ್ದು ಸರಿ. ಅಪರೂಪಕ್ಕೆ.

ಎಡಿಸನ್_ಹೈದ

ಗೇಜ್ ಬಂತು, ಹಾಕಿದೆ. ಪೇಂಟ್ ಮನೆಯೊಳಗೇ ಇಟ್ಟಿದ್ದೆ, ಊದುವ ಟೆಸ್ಟೂ ಮಾಡಿದೆ, 0.687 ಸರಿಯಾಗಿ ಹಿಡಿಯುತ್ತದೆ. ಹಾಗಾಗಿ ಪೇಂಟ್ ಪಕ್ಕಕ್ಕಿಡೋಣ.

ಗಾಳಿ ಹಾಕಿ ನಾಲ್ಕೈದು ಸಲ ಖಾಲಿ ಹೊಡೆದು ಗೇಜ್ ನೋಡಿದೆ. ಪ್ರತಿ ಶಾಟ್ ಆದಮೇಲೆ ಮುಳ್ಳು 320ಕ್ಕೆ ಬಂದು ನಿಲ್ಲುವ ಹಾಗೆ ಕಾಣುತ್ತದೆ. ನಿಲ್ಲುವುದಿಲ್ಲ. ನೋಡುತ್ತಾ ಕೂತರೆ ಮೆಲ್ಲಗೆ 340, 360, ಒಂದು ನಿಮಿಷ ಆಗುವಷ್ಟರಲ್ಲಿ 390 ಹತ್ತಿರ. ಒಂದು ಶಾಟ್ ಹೊಡೆದರೆ ಮತ್ತೆ 320.

ಹೊಸ_ಆಟಗಾರ

ನಾನು ಹೊಸಬ, ಒಂದು ಡೌಟು. ಕಾಕರ್‌ನಲ್ಲಿ ಪ್ರೆಷರ್ ಜಾಸ್ತಿ ಮಾಡಿದರೆ ವೇಗ ಕಮ್ಮಿ ಆಗುತ್ತದೆ ಅಂತ ಎಲ್ಲೋ ಕೇಳಿದ್ದೆ. ಇಲ್ಲಿ ಉಲ್ಟಾ ಹೇಳುತ್ತಿದ್ದೀರಲ್ಲ?

ಪೀಣ್ಯ_ಲೇತ್

ಒಳ್ಳೆಯ ಪ್ರಶ್ನೆ. ಎರಡೂ ನಿಜ.

ಪ್ರೆಷರ್ ತೀರಾ ಕಮ್ಮಿಯಿಂದ ಶುರು ಮಾಡಿ ಏರಿಸುತ್ತಾ ಹೋದರೆ ವೇಗವೂ ಏರುತ್ತದೆ. ಒಂದು ಮಟ್ಟದಲ್ಲಿ ತುದಿ ಮುಟ್ಟುತ್ತದೆ. ಅಲ್ಲಿಂದ ಮುಂದೆ ಏರಿಸಿದರೆ ಇಳಿಯಲು ಶುರು. ಯಾಕೆಂದರೆ ವಾಲ್ವನ್ನು ಮುಚ್ಚಿ ಹಿಡಿಯುವುದೂ ಅದೇ ಗಾಳಿಯ ಒತ್ತಡ. ಒತ್ತಡ ಜಾಸ್ತಿಯಾದಷ್ಟೂ ಅದೇ ಹ್ಯಾಮರ್ ಏಟಿಗೆ ವಾಲ್ವ್ ಕಮ್ಮಿ ಹೊತ್ತು ತೆರೆಯುತ್ತದೆ. ಆ ತುದಿಯ ಹತ್ತಿರ ರೆಗ್ಯುಲೇಟರ್ ಇಟ್ಟು, ಹ್ಯಾಮರ್ ಸ್ಪ್ರಿಂಗ್ ಬಿಗಿ ಸಡಿಲ ಮಾಡಿ 280ಕ್ಕೆ ತರುವುದು ವಾಡಿಕೆ. ಅಲ್ಲಿ ಇಟ್ಟರೆ ಪ್ರೆಷರ್ ಸ್ವಲ್ಪ ಹೆಚ್ಚುಕಮ್ಮಿ ಆದರೂ ವೇಗ ಜಾಸ್ತಿ ಕದಲುವುದಿಲ್ಲ.

ಎಡಿಸನ್ ಅವರ ಮಾರ್ಕರ್ ತುದಿಗಿಂತ ಕೆಳಗಿದೆ. ಅದಕ್ಕೇ 320ರಿಂದ 390ಕ್ಕೆ ಹೋದಾಗ ವೇಗ ಏರುತ್ತಿದೆ. ಇದರಲ್ಲಿ ಒಂದು ಅಪಾಯವಿದೆ. ತುದಿ ದಾಟಿ ಸೆಟ್ ಮಾಡಿದ ಮಾರ್ಕರ್‌ನಲ್ಲಿ ಕ್ರೀಪ್ ಇದ್ದರೆ ಮೊದಲ ಶಾಟ್ ನಿಧಾನ ಆಗುತ್ತದೆ. ಆಗ ಎಲ್ಲರೂ ಎಣ್ಣೆ ಕಮ್ಮಿ, ಓ-ರಿಂಗ್ ಬಿಗಿ ಅಂತ ಬೇರೆ ದಾರಿ ಹಿಡಿಯುತ್ತಾರೆ.

ರೆಫರಿ_ಅಕ್ಕ

ಇನ್‌ಲೈನ್ ಬಿಚ್ಚುವ ಮೊದಲು ಬೇರೆಯವರ ಬಾಟಲಿ ಹಾಕಿ ನೋಡಿ. ಬಾಟಲಿಯ ರೆಗ್ಯುಲೇಟರೇ ಏರುತ್ತಿರಬಹುದು.

ಪೀಣ್ಯ_ಲೇತ್

ಬಾಟಲಿ ಏರಿದರೂ ಆರೋಗ್ಯವಾಗಿರುವ ಇನ್‌ಲೈನ್ 320ರಲ್ಲೇ ಹಿಡಿದಿಡಬೇಕು ಅಕ್ಕಾ. ಅದಕ್ಕೇ ಅಲ್ವಾ ಅದು ಇರುವುದು.

ರೆಫರಿ_ಅಕ್ಕ

ಇರಬಹುದು. ಆದರೆ ಬಾಟಲಿ ಬದಲಿಸಲು ಅರ್ಧ ನಿಮಿಷ. ರೆಗ್ಯುಲೇಟರ್ ಬಿಚ್ಚಿ ಜೋಡಿಸಲು ಅರ್ಧ ಸಂಜೆ. ಸುಲಭದ್ದು ಮೊದಲು ಮಾಡಲಿ ಬಿಡಿ. ಬಾಟಲಿ ಏರುತ್ತಿದ್ದರೆ ಅದು ಗೊತ್ತಾಗಲೇಬೇಕಾದ ವಿಷಯ, ಇನ್‌ಲೈನ್ ಸರಿ ಇದ್ದರೂ ಇಲ್ಲದಿದ್ದರೂ.

ಎಡಿಸನ್_ಹೈದ

ಅಕ್ಕ ಹೇಳಿದ ಹಾಗೆ ಗೆಳೆಯನ ಬಾಟಲಿ ಹಾಕಿದೆ, ಅದೇ ಏರಿಕೆ. ನನ್ನ ಬಾಟಲಿ ಅವನ ಮಾರ್ಕರ್‌ಗೆ ಹಾಕಿದೆ, ಏನೂ ತೊಂದರೆ ಇಲ್ಲ. ಬಾಟಲಿ ಬಚಾವ್.

ಇನ್‌ಲೈನ್ ಬಿಚ್ಚಿದೆ. ಸೀಟ್ ಮೇಲೆ ಉಗುರಲ್ಲಿ ಗೀರಿದಂಥ ಒಂದು ಗುರುತು, ಪಿಸ್ಟನ್ ಕೂರುವ ವೃತ್ತಕ್ಕೆ ಅಡ್ಡಲಾಗಿ. ಒಳಗೆ ಕಪ್ಪು ಪುಡಿ, ಹಳೇ ಓ-ರಿಂಗ್ ಚೂರು ಇರಬೇಕು. ಸರ್ವಿಸ್ ಆಗಿದೆ ಅಂದಿದ್ದರು ಮಹಾನುಭಾವರು. ಹೊಸ ಸೀಟ್, ಓ-ರಿಂಗ್ ಕಿಟ್ ಆರ್ಡರ್ ಮಾಡಿದ್ದೇನೆ.

ಪೀಣ್ಯ_ಲೇತ್

ಸೀಟನ್ನು ತಿರುಗಿಸಿ ಹಾಕುವ ಹಾಗಿದ್ದರೆ ಇನ್ನೊಂದು ಮುಖ ಚೆನ್ನಾಗಿರಬಹುದು, ಆದರೆ ಹೊಸದು ಹಾಕುವುದೇ ಲೇಸು. ಪುಡಿ ಪೂರ್ತಿ ಒರೆಸಿ ತೆಗೆಯಿರಿ. ಅದೇ ಚೂರು ಹೊಸ ಸೀಟನ್ನೂ ಕೆಡಿಸುತ್ತದೆ.

ಹೊಸ_ಆಟಗಾರ

ಓ-ರಿಂಗ್ ಬೆಂಗಳೂರಲ್ಲಿ ಎಲ್ಲಿ ಸಿಗುತ್ತದೆ? ಬಾಟಲಿ ಮೂತಿಯ ಓ-ರಿಂಗ್ ಪದೇ ಪದೇ ಹರಿಯುತ್ತದೆ ನನಗೆ.

ಪೀಣ್ಯ_ಲೇತ್

ಎಸ್‌ಪಿ ರಸ್ತೆ, ಜೆಸಿ ರಸ್ತೆ ಕಡೆ ಸೀಲ್ ಮತ್ತು ಬೇರಿಂಗ್ ಮಾರುವ ಅಂಗಡಿಗಳಲ್ಲಿ ಕೇಳಿ. ಬಾಟಲಿ ಮೂತಿಗೆ ಬೇಕಾದ್ದು 015 ಸೈಜ್, ಒಳ ಅಳತೆ 14 ಮಿ.ಮೀ., ದಪ್ಪ 1.78. ಪಾಲಿಯುರೆಥೇನ್, ಗಡಸು 90 ಅಂತ ಹೇಳಿ. ಮಾಮೂಲಿ ಕಪ್ಪು 70ರದ್ದು ಕೊಟ್ಟರೆ ಬೇಡ ಅನ್ನಿ. ಆ ಪ್ರೆಷರ್‌ಗೆ ಅದು ಸಂದಿಯಲ್ಲಿ ಹಿಂಡಿಕೊಂಡು ಹರಿಯುತ್ತದೆ, ನಿಮಗೆ ಆಗುತ್ತಿರುವುದು ಅದೇ ಇರಬೇಕು.

ಎಡಿಸನ್_ಹೈದ

ಕಿಟ್ ಬಂತು, ಹಾಕಿದೆ. ಗೇಜ್ ಈಗ ಕಲ್ಲಿನಂತೆ 320ರಲ್ಲಿ ನಿಂತಿದೆ, ಊಟ ಮುಗಿಸಿ ಬಂದರೂ ಅಲ್ಲೇ. ಕ್ರೋನೋ ಮೊದಲ ಶಾಟ್ 281. ಅಕ್ಕನಿಗೆ ಖುಷಿಯಾಗಬೇಕು.

ಆದರೆ ಬಾಲ್ ಕತ್ತರಿಸುವುದು ಹಾಗೇ ಇದೆ. ನಿಧಾನವಾಗಿ ಎಳೆದು ನೋಡಿದೆ. ಹ್ಯಾಮರ್ ಬೀಳುವುದೂ ಬ್ಲಾಕ್ ಹಿಂದೆ ಹೊರಡುವುದೂ ಬಹುತೇಕ ಒಟ್ಟಿಗೇ. ಫೀಡ್ ನೆಕ್ ಮೇಲೆ ಟಿಶ್ಯೂ ಇಟ್ಟರೆ ಪ್ರತಿ ಶಾಟ್‌ಗೂ ಹಾರುತ್ತದೆ.

ಪೀಣ್ಯ_ಲೇತ್

ಟಿಶ್ಯೂ ಹಾರಿತು ಅಂದರೆ ಉತ್ತರ ಸಿಕ್ಕಿತು. ಬ್ಲಾಕ್ ಬೇಗ ಹೊರಡುತ್ತಿದೆ.

ತ್ರೀ-ವೇಗೆ ಹೋಗುವ ಟೈಮಿಂಗ್ ರಾಡ್ ಇದೆಯಲ್ಲ, ಅದನ್ನು ಸ್ವಲ್ಪ ಉದ್ದ ಮಾಡಿ. ಅರ್ಧ ಸುತ್ತು, ಟೆಸ್ಟ್, ಮತ್ತೆ ಅರ್ಧ ಸುತ್ತು. ಉದ್ದ ಮಾಡಿದಷ್ಟೂ ತ್ರೀ-ವೇ ತಡವಾಗಿ ತಿರುಗುತ್ತದೆ. ತೀರಾ ಮಾಡಿದರೆ ಟ್ರಿಗರ್ ಪೂರ್ತಿ ಎಳೆದರೂ ಬ್ಲಾಕ್ ಬರುವುದೇ ಇಲ್ಲ. ಹ್ಯಾಮರ್‌ನ ಲಗ್ (ಸಿಯರ್‌ಗೆ ಸಿಕ್ಕಿಕೊಳ್ಳುವ ಸ್ಕ್ರೂ) ಈಗ ಮುಟ್ಟಬೇಡಿ. ಬೋಲ್ಟ್ ತೆಗೆದರೆ ಮೇಲಿನ ತೂತಿನಿಂದ ಅಲೆನ್ ಕೀ ಹಾಕಿ ತಿರುಗಿಸಬಹುದು ನಿಜ, ಆದರೆ ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದು ಏನು ಮಾಡಿತು ಅಂತ ತಿಳಿಯುವುದಿಲ್ಲ.

ಅದು ಆದಮೇಲೆ ಎಲ್‌ಪಿಆರ್. ಬ್ಲಾಕ್ ಪೂರ್ತಿ ಬಾರದಷ್ಟು ಇಳಿಸಿ. ಅಲ್ಲಿಂದ ಮೆಲ್ಲಗೆ ಏರಿಸಿ, ಪ್ರತಿ ಸಲವೂ ಹ್ಯಾಮರ್ ಸಿಕ್ಕಿಕೊಳ್ಳುವ ಮಟ್ಟಕ್ಕೆ ತಂದು, ಇನ್ನೊಂದು ಕಾಲು ಸುತ್ತು ಹೆಚ್ಚಿಗೆ ಕೊಟ್ಟು ಬಿಡಿ. ಬ್ಲಾಕ್ ಧಡ್ ಅಂತ ಬಡಿಯುತ್ತಿದ್ದರೆ ಜಾಸ್ತಿ ಇದೆ ಅಂತಲೇ. ಮುಚ್ಚುವ ಬ್ಲಾಕ್ ಮಧ್ಯೆ ಬೆರಳು ಇಟ್ಟರೆ ನೋಯಬಾರದು ಅಂತ ಹಳಬರು ಹೇಳುತ್ತಾರೆ. ನೀವು ಪೆನ್ಸಿಲ್ ಇಟ್ಟು ನೋಡಿ, ಬೆರಳು ಬೇಡ.

ಕರಾವಳಿ_ಕಿರಣ

ಡಿಟೆಂಟ್ ನೋಡಿದಿರಾ? ಎಲ್ಲರೂ ಟೈಮಿಂಗ್ ಟೈಮಿಂಗ್ ಅನ್ನುತ್ತೀರಿ. ಬಾಲ್ ಮುಂದಕ್ಕೆ ಉರುಳದ ಹಾಗೆ ತಡೆಯುವುದು ಆ ಸಣ್ಣ ಸಾಮಾನು. ಅದು ಸವೆದಿದ್ದರೆ ಮೊದಲ ಬಾಲ್ ಮುಂದೆ ಜಾರುತ್ತದೆ, ಅದರ ಹಿಂದೆ ಎರಡನೆಯದು ಇಣುಕುತ್ತದೆ, ಬೋಲ್ಟ್ ಬಂದು ಎರಡನ್ನೂ ಮುಗಿಸುತ್ತದೆ.

ಪೀಣ್ಯ_ಲೇತ್

ಟಿಶ್ಯೂ ಹಾರುವುದು ಡಿಟೆಂಟ್‌ನಿಂದ ಅಲ್ಲ ಕಿರಣ.

ಕರಾವಳಿ_ಕಿರಣ

ಟಿಶ್ಯೂ ಹಾರುವುದರಿಂದ ಡಿಟೆಂಟ್ ಚೆನ್ನಾಗಿದೆ ಅಂತಲೂ ಆಗಲ್ಲ. ಸೆಕೆಂಡ್ ಹ್ಯಾಂಡ್ ಬಾಡಿ ಅದು. ಬ್ಯಾರೆಲ್ ಬಿಚ್ಚಿ, ಬ್ಲಾಕ್ ತೆರೆದು ಒಂದು ಬಾಲ್ ಹಾಕಿ ಮೂತಿ ಕೆಳಗೆ ಮಾಡಿದರೆ ಗೊತ್ತಾಗುತ್ತದೆ.

ಎಡಿಸನ್_ಹೈದ

ಇಬ್ಬರ ಮಾತೂ ಕೇಳಿದೆ. ರಾಡ್ ಸ್ವಲ್ಪ ಸ್ವಲ್ಪವೇ ಉದ್ದ ಮಾಡಿದ ಮೇಲೆ ಈಗ ಟಕ್ ಅಂತ ಹ್ಯಾಮರ್, ಆಮೇಲೆ ಬ್ಲಾಕ್. ಟಿಶ್ಯೂ ಕದಲುವುದಿಲ್ಲ. ಕತ್ತರಿಸುವುದು ಬಹಳ ಕಮ್ಮಿ ಆಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಕಿರಣ ಹೇಳಿದ ಟೆಸ್ಟ್ ಮಾಡಿದೆ. ಬಾಲ್ ಡಿಟೆಂಟ್ ದಾಟಿ ಆರಾಮಾಗಿ ಉರುಳಿ ನೆಲಕ್ಕೆ ಬಿತ್ತು. ಹೊಸ ಡಿಟೆಂಟ್ ಹಾಕಿದೆ. ಭಾನುವಾರ ಆಡಿದೆ, ಲೋಡರ್ ಮೇಲೆ ಲೋಡರ್ ಖಾಲಿ ಮಾಡಿದರೂ ಒಂದೂ ಒಡೆಯಲಿಲ್ಲ. ಕ್ರೋನೋ 277ರಿಂದ 282ರ ಒಳಗೆ.

ಕರಾವಳಿ_ಕಿರಣ

😌

ಪೀಣ್ಯ_ಲೇತ್

ಸರಿ, ಸರಿ. ಕಾಲು ಭಾಗ ಡಿಟೆಂಟ್.

ರೆಫರಿ_ಅಕ್ಕ

ಐದು ಎಫ್‌ಪಿಎಸ್ ಅಂತರ ಅಂದರೆ ಮೆಕ್ಯಾನಿಕಲ್ ಮಾರ್ಕರ್‌ಗೆ ತುಂಬಾ ಚೆನ್ನಾಗಿದೆ. ಬೇಸಿಗೆಯಲ್ಲಿ ಪೊಕೊನೊ ಬೆಟ್ಟದ ಸ್ಕರ್ಮಿಶ್ ಅನ್ನುವ ಪೇಂಟ್‌ಬಾಲ್ ಫೀಲ್ಡ್‌ನಲ್ಲಿ ನಾರ್ಮಂಡಿ ಗೇಮ್ ಇರುತ್ತದೆ, ಇದನ್ನೇ ತಗೊಂಡು ಬನ್ನಿ. ಸಾವಿರಾರು ಜನ ಸೇರುತ್ತಾರೆ, ಹಳೇ ಕಾಕರ್ ಹಿಡಿದವರೂ ಸಿಗುತ್ತಾರೆ. ಜುಲೈ ಬಿಸಿಲಿಗೆ ಮತ್ತೊಮ್ಮೆ ಕ್ರೋನೋ ಮಾಡಿಸಿ, ಈಗಿನ ಸೆಟ್ಟಿಂಗ್ ಹಾಗೇ ಇರುತ್ತದೆ ಅಂತ ನಂಬಬೇಡಿ.

ಎಡಿಸನ್_ಹೈದ

ಖಂಡಿತ ಅಕ್ಕಾ. ಒಂದು ಮಾತ್ರ ಉಳಿಯಿತು, ಆ ಬುಸ್ ಸದ್ದು. ಗಮನಿಸಿದೆ. ಟ್ರಿಗರ್ ಬಿಟ್ಟಿದ್ದಾಗ ಇಲ್ಲ, ಪೂರ್ತಿ ಎಳೆದು ಹಿಡಿದಾಗಲೂ ಇಲ್ಲ. ಸರಿಯಾಗಿ ಮಧ್ಯದಲ್ಲಿ ನಿಲ್ಲಿಸಿದರೆ ಮಾತ್ರ ತ್ರೀ-ವೇ ತುದಿಯಿಂದ ಬರುತ್ತದೆ. ಅದರ ಓ-ರಿಂಗೂ ಬದಲಿಸಲಾ?

ಪೀಣ್ಯ_ಲೇತ್

ಬೇಡ. ಮಧ್ಯದಲ್ಲಿ ನಿಲ್ಲಿಸಿದರೆ ತ್ರೀ-ವೇ ಓ-ರಿಂಗ್ ತೂತಿನ ಮೇಲೆಯೇ ಕೂತಿರುತ್ತದೆ, ಎರಡೂ ಕಡೆ ಗಾಳಿ ಹೋಗುತ್ತದೆ. ಬಹಳಷ್ಟು ಕಾಕರ್ ಹಾಗೇ. ಟ್ರಿಗರ್ ಬಿಟ್ಟಾಗ ಸೋರಲು ಶುರುವಾದರೆ ಆಗ ಬದಲಿಸಿ.

ಪಂಪ್‌ಪ್ರಿಯ

ಪಂಪ್‌ಗೆ ತ್ರೀ-ವೇ ಇರುವುದಿಲ್ಲ. ಸುಮ್ನೆ ಹೇಳಿದೆ.